ಇಡಿ ಸಾಮಾನಿಗೆ ಹೋಗಿ, ಪುಡಿಗೆ ಬೇಡ: ಹಾಸನದ ಒಂದು ಗ್ರಂಧಿಗೆ ಅಂಗಡಿ

ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನ ಹಳೆಯ ಗ್ರಂಧಿಗೆ ಅಂಗಡಿ ಇದು. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಇಲ್ಲಿ ಕಾಣುವ ಕುಂದುಗಳು ಊರಿನ ಬೇರೆ ಅಂಗಡಿಗಳಲ್ಲೂ ಚಿಕ್ಕಮಗಳೂರು ಪೇಟೆಯಲ್ಲೂ ಇರುವಂಥವೇ. ತಣ್ಣೀರುಹಳ್ಳದ ಆಯುರ್ವೇದ ಆಸ್ಪತ್ರೆಯ ಚೀಟಿ ಹಿಡಿದವರು, ಬಾಣಂತನದ ಸಾಮಾನಿಗೆ ಬಂದ ಅಜ್ಜಿಯಂದಿರು, ಮೊಬೈಲಿನಲ್ಲಿ ನೋಡಿದ ಕಷಾಯದ ಪಟ್ಟಿ ತೋರಿಸುವ ಹುಡುಗರು, ಎಲ್ಲರೂ ಇಲ್ಲಿ ಒಟ್ಟಿಗೇ ನಿಂತಿರುತ್ತಾರೆ. ಅವರೆಲ್ಲರಿಗೂ ಹೇಳಬೇಕಾದ್ದು ಒಂದೇ ಮಾತು: ಇಡಿಯಾದ ಬೇರು, ಕಾಯಿ, ಚಕ್ಕೆಗೆ ಈ ಅಂಗಡಿ ಒಳ್ಳೆಯದು, ಪುಡಿಗೆ ಅಲ್ಲ.

ಒಳ್ಳೆಯದು ಅನ್ನುವುದಕ್ಕೆ ಮುಖ್ಯ ಕಾರಣ, ಸಾಮಾನನ್ನು ಕೈಯಲ್ಲಿ ಹಿಡಿದು ಮುರಿದು, ಮೂಸಿ, ನಾಲಿಗೆಗೆ ಇಟ್ಟು ನೋಡಲು ಬಿಡುತ್ತಾರೆ. 25 ಗ್ರಾಂ ಕೇಳಿದರೂ ಬೇಸರಿಸದೆ ತೂಗಿ ಕೊಡುತ್ತಾರೆ. ವ್ಯಾಪಾರ ಜೋರಾಗಿರುವುದರಿಂದ ಅಳಲೆ, ಹಿಪ್ಪಲಿ, ಓಮದಂಥ ಓಡುವ ಸಾಮಾನು ಹಳತಾಗಿ ಕೂರುವುದಿಲ್ಲ. ಕುಂದು ಎಂದರೆ ಚೀಲಗಳ ಬಾಯಿ ರಸ್ತೆಯ ಧೂಳಿಗೆ ತೆರೆದೇ ಇರುತ್ತದೆ. ಪುಡಿಗಳನ್ನು ಬಿಸಿಲು ಬೀಳುವ ಕಡೆ ಗಾಜಿನ ಜಾಡಿಗಳಲ್ಲಿ ಇಟ್ಟಿದ್ದಾರೆ. ಯಾವ ಜಾಡಿಯ ಮೇಲೂ ಕುಟ್ಟಿದ ದಿನಾಂಕ ಇಲ್ಲ.

ದಿನಾಂಕದ ಮಾತು ಸಣ್ಣದಲ್ಲ. ಚೂರ್ಣದ ಸತ್ವ ಎರಡು ತಿಂಗಳಿಗೆ ಇಳಿಯುತ್ತದೆ ಎಂದು ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯೇ ಹೇಳುತ್ತದೆ. ಇಡಿ ಕಾಯಿಯ ಒಳಗಿರುವ ಎಣ್ಣೆಯಂಶಕ್ಕೂ ಒಗರಿಗೂ ಸಿಪ್ಪೆಯೇ ಕಾವಲು. ಕುಟ್ಟಿದ ಕ್ಷಣದಿಂದ ಗಾಳಿ, ಬೆಳಕು, ತೇವ ಮೂರೂ ಒಳಗೆ ನುಗ್ಗುತ್ತವೆ. ಮೊಹರು ಹಾಕಿದ, ಪರವಾನಗಿ ಸಂಖ್ಯೆಯೂ ತಯಾರಿಕೆಯ ತಿಂಗಳೂ ಇರುವ ಕಂಪನಿ ಪೊಟ್ಟಣದ ಮಾತು ಬೇರೆ. ಜಾಡಿಯಿಂದ ಚಮಚದಲ್ಲಿ ತೆಗೆದು ಕಾಗದದಲ್ಲಿ ಕಟ್ಟಿಕೊಡುವ ಪುಡಿಗೆ ಯಾವ ಲೆಕ್ಕವೂ ಸಿಗುವುದಿಲ್ಲ.

ತ್ರಿಫಲಾ ಚೂರ್ಣವನ್ನೇ ನೋಡಿ. ಇಲ್ಲಿ ಹೆಚ್ಚು ಮಾರಾಟವಾಗುವ ಪುಡಿಗಳಲ್ಲಿ ಇದೂ ಒಂದು, ಆದರೆ ನಾವು ತೆಗೆದುಕೊಳ್ಳಬೇಡಿ ಅನ್ನುವುದೂ ಇದನ್ನೇ. ಅಳಲೆ, ತಾರೆ, ನೆಲ್ಲಿ ಮೂರರ ಸಿಪ್ಪೆಯನ್ನು ಮಾತ್ರ ಸಮತೂಕದಲ್ಲಿ ಸೇರಿಸಬೇಕು, ಓಟೆ, ಅಂದರೆ ಒಳಗಿನ ಗಟ್ಟಿ ಬೀಜ, ತೆಗೆಯಬೇಕು. ಅಳಲೆ, ತಾರೆಗಳಲ್ಲಿ ತೂಕದ ಸುಮಾರು ಅರ್ಧ ಓಟೆಗೇ ಹೋಗುತ್ತದೆ. ಅದನ್ನು ಒಡೆದು ತೆಗೆಯುವುದು ಬೇಸರದ ಕೆಲಸ, ಮೇಲಾಗಿ ತೂಕದಲ್ಲಿ ನಷ್ಟ. ಹಾಗಾಗಿ ಗಿರಣಿಗೆ ಓಟೆಸಮೇತ ಹಾಕಿಬಿಡುತ್ತಾರೆ. ಜಾಡಿಯ ಪುಡಿಯನ್ನು ಒಂದು ಚಿಟಿಕೆ ಹಲ್ಲಿನ ಮಧ್ಯೆ ಕಡಿದು ನೋಡಿ. ಸಿಪ್ಪೆಯದ್ದಾದರೆ ಮೊದಲು ಒಗರು, ಆಮೇಲೆ ಹುಳಿ, ಮೇಲೊಂದು ಗುಟುಕು ನೀರು ಕುಡಿದರೆ ನೆಲ್ಲಿಯ ಸಿಹಿ. ಮರದ ಹೊಟ್ಟಿನ ಹಾಗೆ ಕರಕರ ಅಂದು ರುಚಿ ಸಪ್ಪೆ ಎನಿಸಿದರೆ ಓಟೆ ಸೇರಿದೆ ಎಂದೇ ಲೆಕ್ಕ.

ಮನೆಯಲ್ಲಿ ಮಾಡಿಕೊಳ್ಳಲು ಈ ಅಂಗಡಿಯಿಂದಲೇ 200 ಗ್ರಾಂ ಅಳಲೆಕಾಯಿ, 200 ಗ್ರಾಂ ತಾರೆಕಾಯಿ, 100 ಗ್ರಾಂ ಬೀಜ ತೆಗೆದ ನೆಲ್ಲಿಚೆಟ್ಟು (ಒಣಗಿಸಿದ ನೆಲ್ಲಿ) ತನ್ನಿ. ಅಳಲೆಯನ್ನು ಆರಿಸುವಾಗ ಕೈಗೆ ಭಾರ ಎನಿಸುವುದನ್ನು, ತೂತಿಲ್ಲದ್ದನ್ನು ಆರಿಸಿ. ನೀರಿಗೆ ಹಾಕಿದರೆ ಮುಳುಗುವ ಅಳಲೆ ಶ್ರೇಷ್ಠ ಎಂಬ ಹಳೆಯ ಪರೀಕ್ಷೆ ಇಂದಿಗೂ ಕೆಲಸಕ್ಕೆ ಬರುತ್ತದೆ, ಹುಳು ತಿಂದು ಟೊಳ್ಳಾದದ್ದು ತೇಲುತ್ತದೆ. ಪರೀಕ್ಷೆಗೆ ನಾಲ್ಕೈದು ಕಾಯಿ ಸಾಕು, ಎಲ್ಲವನ್ನೂ ನೆನೆಸಿದರೆ ಒಣಗಿಸುವುದೇ ಕಷ್ಟ. ಎರಡು ದಿನ ಬಿಸಿಲಿಗಿಟ್ಟು ಕುಟ್ಟಾಣಿಯಲ್ಲಿ ಒಡೆದು ಓಟೆ ಬೇರೆ ಮಾಡಿ. ಹದಿನೈದು ದಿನಕ್ಕಾಗುವಷ್ಟು ಸಿಪ್ಪೆಯನ್ನಷ್ಟೇ ತೆಗೆದುಕೊಂಡು, ಬೇರೆ ಬೇರೆಯಾಗಿಯೇ ಪುಡಿ ಮಾಡಿ ಬಟ್ಟೆಯಲ್ಲಿ ಸೋಸಿ, ಸೋಸಿದ ಪುಡಿಯನ್ನು ತೂಗಿ ಸಮ ಸೇರಿಸಿ. ಮೂರನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿದರೆ ನೆಲ್ಲಿ ಬೇಗ ನುಣ್ಣಗಾಗಿ ಕೆಳಗೆ ಇಳಿಯುತ್ತದೆ, ಅಳಲೆ ತರಿಯಾಗಿ ಜರಡಿಯಲ್ಲೇ ಉಳಿಯುತ್ತದೆ, ಸಮಪ್ರಮಾಣ ಅಲ್ಲಿಗೆ ತಪ್ಪಿತು. ಮಿಕ್ಸಿಯನ್ನು ಬಿಟ್ಟು ಬಿಟ್ಟು ಓಡಿಸಿ, ಜಾರ್ ಬಿಸಿಯಾದರೆ ಪುಡಿ ಅಂಟುತ್ತದೆ. ಪ್ರಮಾಣ ದೊಡ್ಡವರಿಗೆ 3ರಿಂದ 6 ಗ್ರಾಂ, ಅಂದರೆ ಒಂದರಿಂದ ಎರಡು ಟೀ ಚಮಚ. ಹೊಸಬರು ಅರ್ಧ ಚಮಚದಿಂದ ಶುರು ಮಾಡಲಿ, ಇಲ್ಲದಿದ್ದರೆ ಮೊದಲ ದಿನವೇ ಹೊಟ್ಟೆ ಸಡಿಲಾಗುತ್ತದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುವವರು ಎರಡು ಗಂಟೆಯಾದರೂ ಅಂತರ ಕೊಡಬೇಕು, ಇದರ ಒಗರು ಕಬ್ಬಿಣವನ್ನು ಕಟ್ಟಿಹಾಕಿ ಮೈಗೆ ಸೇರದಂತೆ ಮಾಡುತ್ತದೆ. ಕಬ್ಬಿಣದ ಬಾಣಲೆಯಲ್ಲಿ ತ್ರಿಫಲಾ ಕುದಿಸಿದರೆ ಶಾಯಿಯಂತೆ ಕಪ್ಪಾಗುವುದೂ ಇದರಿಂದಲೇ. ಗರ್ಭಿಣಿಯರಿಗೆ ವೈದ್ಯರನ್ನು ಕೇಳದೆ ಬೇಡ.

ಒಣಶುಂಠಿಯಲ್ಲಿ ಎರಡು ಬಗೆ ಇಟ್ಟಿದ್ದಾರೆ, ಬೆಳ್ಳಗಿನದ್ದು ಮತ್ತು ಮಣ್ಣುಬಣ್ಣದ್ದು. ಆಲೂರು, ಬೇಲೂರು, ಅರಕಲಗೂಡು ಕಡೆ ಶುಂಠಿ ಬೆಳೆಯುವ ನಾಡಿನಲ್ಲಿ ಇದ್ದುಕೊಂಡು ಬಣ್ಣಕ್ಕೆ ಮರುಳಾಗುವುದು ಬೇಡ. ಬೆಳ್ಳಗಿನದ್ದಕ್ಕೆ ಸುಣ್ಣ ಬಳಿದಿರುತ್ತದೆ. ಬೆರಳಿನಿಂದ ತಿಕ್ಕಿದರೆ ಬಿಳಿ ಹಿಟ್ಟು ಹತ್ತುತ್ತದೆ, ಮೇಲೆ ನಿಂಬೆರಸ ಬಿಟ್ಟರೆ ನೊರೆ ಏಳುತ್ತದೆ. ಮಣ್ಣುಬಣ್ಣದ್ದನ್ನೇ ಕೇಳಿ, ಮುರಿದು ನೋಡಿ. ಒಳಗೆ ಹುಳುವಿನ ಸಣ್ಣ ರಂಧ್ರಗಳೂ ಹಿಟ್ಟೂ ಇದ್ದರೆ ಬೇಡ. ಲವಂಗವನ್ನು ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗಬೇಕು, ಜಿನುಗದಿದ್ದರೆ ಎಣ್ಣೆ ತೆಗೆದ ಲವಂಗ. ಹಿಪ್ಪಲಿ ಕಚ್ಚಿದ ಕೂಡಲೇ ಖಾರ, ಬೆನ್ನಿಗೇ ನಾಲಿಗೆಗೆ ಜುಮ್ಮೆನಿಸಿ ಬಾಯ್ತುಂಬ ಜೊಲ್ಲು. ಈ ಮೂರೂ ಇಲ್ಲಿ ಚೆನ್ನಾಗಿವೆ. ಕಾಳುಮೆಣಸು ಮಾತ್ರ ಮೂಡಿಗೆರೆ, ಸಕಲೇಶಪುರದ ತೋಟದವರ ಹತ್ತಿರವೇ ಕೊಳ್ಳುವುದು ಒಳ್ಳೆಯದು.

ಸೊಗದೆ ಬೇರು ಕೇಳಿದವರಿಗೆ ಮಾಗಳಿ ಬೇರು ಕೊಡುವುದು ಈ ಅಂಗಡಿಯ ದೊಡ್ಡ ತಪ್ಪು. ಮೋಸದ ಉದ್ದೇಶ ಇದ್ದಂತಿಲ್ಲ, ಎರಡಕ್ಕೂ ಒಂದೇ ಪರಿಮಳ ಇರುವುದರಿಂದ ಒಂದೇ ಸಾಮಾನು ಎಂದೇ ನಂಬಿದ್ದಾರೆ. ನಮ್ಮ ಕಡೆ ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೆರಳುಗಾತ್ರದ್ದು, ರಸತುಂಬಿದ ಬೇರು. ಒಣಗಿದ ಮೇಲೂ ತಿರುಳು ದಪ್ಪ. ಶಾಸ್ತ್ರ ಸಾರಿವಾ ಎಂದು ಕರೆಯುವ ಸೊಗದೆ ತೆಳ್ಳಗೆ ತಂತಿಯಂತಿರುತ್ತದೆ. ಕಡುಕಂದು ತೊಗಟೆಯ ಮೇಲೆ ಅಡ್ಡಡ್ಡ ಬಿರುಕು, ಒಳಗೆ ಗಟ್ಟಿ ಕಡ್ಡಿ. ತೊಗಟೆ ಸುಲಿದರೆ ಕಡ್ಡಿಗಿಂತ ತೊಗಟೆಗೇ ವಾಸನೆ ಹೆಚ್ಚು. ಚೀಟಿಯಲ್ಲಿ ಸಾರಿವಾ ಎಂದಿದ್ದರೆ ತೆಳ್ಳಗಿನದ್ದನ್ನೇ ಪಟ್ಟು ಹಿಡಿದು ಕೇಳಿ. ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಮಾಗಳಿ ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಷ್ಟೇ ಬೆಳೆಯುವ ಬಳ್ಳಿ. ಬೇರು ಅಗೆದರೆ ಬಳ್ಳಿಯೇ ಹೋಯಿತು, ಇದು ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿದೆ. ಉಪ್ಪಿನಕಾಯಿಗೆ ಬೇಕಾದಷ್ಟೇ ಕೊಂಡು, ಔಷಧಿಗೆ ಸೊಗದೆಯನ್ನೇ ಬಳಸಿದರೆ ಎರಡಕ್ಕೂ ನ್ಯಾಯ. ಸೊಗದೆಯನ್ನು ಕುದಿಸಿ ಕುದಿಸಿ ಬತ್ತಿಸುವುದೂ ತಪ್ಪೇ, ಪರಿಮಳ ಹಬೆಯ ಜೊತೆ ಹಾರಿಹೋಗುತ್ತದೆ. 10 ಗ್ರಾಂ ಜಜ್ಜಿ 60 ಮಿಲಿ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಸೋಸಿದರೆ ಅದೇ ಆಯುರ್ವೇದ ಹೇಳುವ ಹಿಮ, ಅಂದರೆ ಕುದಿಸದ ತಣ್ಣನೆಯ ಕಷಾಯ. ಲಾವಂಚಕ್ಕೂ ಇದೇ ಕ್ರಮ.

ಅಮೃತಬಳ್ಳಿಯ ಒಣ ತುಂಡುಗಳನ್ನು ಇಲ್ಲಿ ಕೊಳ್ಳಬೇಡಿ. ಹಿತ್ತಲಿನಲ್ಲಿ ಒಂದು ತುಂಡು ನೆಟ್ಟರೆ ತಾನೇ ಹಬ್ಬುವ ಬಳ್ಳಿ ಅದು. ಅದಕ್ಕಿಂತ ಮುಖ್ಯ, ಇದರ ಜಾತಿಯದೇ ಇನ್ನೊಂದು ಬಳ್ಳಿಯ ಕಾಂಡವೂ ಸಂತೆಗೆ ಬರುತ್ತದೆ. ಅದರ ಮೇಲೆ ನರುಲಿಯಂಥ ಗಂಟುಗಂಟು, ಬಣ್ಣ ಬೂದು. ಸೇವಿಸಿದವರಿಗೆ ಲಿವರ್ ಕೆಟ್ಟ ವರದಿಗಳಿವೆ. ಸರಿಯಾದ ಅಮೃತಬಳ್ಳಿಯ ಹಸಿ ಕಾಂಡ ಹಸಿರು, ಆ ಗಂಟುಗಳಿಲ್ಲ, ಎಲೆ ಹೃದಯದಾಕಾರ, ಹೂವಿಗೆ ಆರು ದಳ. ಇನ್ನೊಂದಕ್ಕೆ ಮೂರೇ. ಒಣಗಿ ಸುಕ್ಕಾದ ತುಂಡಿನಲ್ಲಿ ಈ ಗುರುತುಗಳನ್ನು ಹುಡುಕುವುದು ಕಷ್ಟ.

ಅಶ್ವಗಂಧ, ನಮ್ಮವರ ಹಿರೇಮದ್ದು, ಇಡಿ ಬೇರಿನಲ್ಲಿ ತುಂಬ ಚೆನ್ನಾಗಿದೆ. ಬಾಗಿಸಿದರೆ ನಾರಿಲ್ಲದೆ ಪಟ್ಟನೆ ಮುರಿಯುತ್ತದೆ, ಒಳಗೆ ಹಿಟ್ಟಿನಂತೆ ಬಿಳುಪು. ಪುಡಿಯ ಬಣ್ಣ ಮಾತ್ರ ತುಸು ಹಸಿರಿಗೆ ತಿರುಗಿದೆ, ಎಲೆ ಬೆರೆತರೆ ಹಾಗಾಗುತ್ತದೆ. ಬೇರನ್ನು ಬಿಟ್ಟು ಎಲೆ ಬಳಸಬಾರದೆಂದು ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚಿಸಿದೆ. ಥೈರಾಯ್ಡ್ ಮಾತ್ರೆ, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು, ಲಿವರ್ ತೊಂದರೆ ಇರುವವರು, ಗರ್ಭಿಣಿಯರು ಬೇರನ್ನೂ ಕೇಳಿಯೇ ಸೇವಿಸಬೇಕು.

ಅಶೋಕದ ಚಕ್ಕೆಗೆ ಈ ಅಂಗಡಿ ಬೇಡವೇ ಬೇಡ. ಔಷಧಿಗೆ ಬೇಕಾದ ಸೀತಾಅಶೋಕ ಅಪರೂಪವಾಗಿದೆ, ಅದರ ಜಾಗದಲ್ಲಿ ಶಾಲೆ, ಕಚೇರಿಗಳ ಕಾಂಪೌಂಡಿನಲ್ಲಿ ನೆಟ್ಟಗೆ ನಿಂತಿರುವ ಕಂಬದ ಅಶೋಕದ ಚಕ್ಕೆ ಪೇಟೆಗೆ ಬರುತ್ತದೆ. ಎರಡೂ ಬೇರೆ ಬೇರೆ ಕುಲದ ಮರ. ಬ್ರಾಹ್ಮಿಯ ಗೊಂದಲ ಇಷ್ಟು ಕೆಟ್ಟದಲ್ಲ: ಇಲ್ಲಿ ಬ್ರಾಹ್ಮಿ ಎಂದರೆ ಒಂದೆಲಗ ಕೊಡುತ್ತಾರೆ, ವೈದ್ಯರು ನೀರುಬ್ರಾಹ್ಮಿ ಎಂಬ ಬೇರೆಯೇ ಗಿಡವನ್ನು ಬರೆದಿರಬಹುದು. ಚೀಟಿ ಬರೆದವರನ್ನೇ ಕೇಳಿ. ತಂಬುಳಿಗಾದರೆ ಸಂತೆಯ ಹಸಿ ಒಂದೆಲಗವೇ ಸೈ, ಒಣಗಿದ್ದರಲ್ಲಿ ಆ ರುಚಿ ಇರುವುದಿಲ್ಲ.

ಕಷಾಯದ ಪುಡಿಯನ್ನು ಎದುರಿಗೇ ಕುಟ್ಟಿಸಿಕೊಳ್ಳುವ ಸೌಲಭ್ಯ ಇದೆ, ಬಳಸಿಕೊಳ್ಳಿ. ಆದರೆ ಕೇಳದಿದ್ದರೆ ನುಣ್ಣಗೆ ಮಾಡಿಬಿಡುತ್ತಾರೆ. “ಕಷಾಯಕ್ಕೆ, ರವೆ ತರಿ ಇರಲಿ” ಎಂದು ಮೊದಲೇ ಹೇಳಬೇಕು. ನುಣ್ಣನೆಯ ಪುಡಿ ಕುದಿಯುವಾಗ ಕೆಸರಾಗಿ ತಳ ಹಿಡಿಯುತ್ತದೆ, ಸೋಸಲು ಬರುವುದಿಲ್ಲ, ಕುಡಿದವರಿಗೆ ಹೊಟ್ಟೆ ಉಬ್ಬರ. ಗಟ್ಟಿ ಬೇರು, ಚಕ್ಕೆಗೆ 10 ಗ್ರಾಂ ತರಿಗೆ 160 ಮಿಲಿ ನೀರು, ಸಣ್ಣ ಉರಿಯಲ್ಲಿ ಮುಚ್ಚಳ ತೆರೆದಿಟ್ಟು 40 ಮಿಲಿಗೆ ಇಳಿಸಬೇಕು. ಜೋರು ಉರಿಯಲ್ಲಿ ನೀರು ಬೇಗ ಬತ್ತುತ್ತದೆ, ಸಾರ ಇಳಿಯುವುದಿಲ್ಲ. ಪಾತ್ರೆಗೆ ಮೊದಲು 40 ಮಿಲಿ ನೀರು ಹಾಕಿ ಒಂದು ಕಡ್ಡಿ ಇಳಿಸಿ ಗುರುತು ಮಾಡಿಕೊಂಡರೆ ಅಂದಾಜು ತಪ್ಪದು. ಅಂದಿನದ್ದು ಅಂದೇ ಕುಡಿಯಬೇಕು, ಫ್ರಿಜ್ಜಿನಲ್ಲಿಟ್ಟು ನಾಳೆಗೆ ಬೇಡ.

ಬಾಣಂತಿ ಸಾಮಾನಿನ ಪೊಟ್ಟಣವನ್ನು ಕಟ್ಟಿಯೇ ಇಟ್ಟಿರುತ್ತಾರೆ: ಶುಂಠಿ, ಹಿಪ್ಪಲಿ, ಮೆಣಸು, ಓಮ, ಜೀರಿಗೆ, ಸಬ್ಬಸಿಗೆ ಬೀಜ, ಅಂಟು. ಬಿಚ್ಚಿಸಿ ನೋಡಿ, ಒಂದೊಂದನ್ನೂ ಮೇಲೆ ಹೇಳಿದ ಹಾಗೆ ಪರೀಕ್ಷಿಸಿ. ಅದೇ ಪೊಟ್ಟಣದಲ್ಲಿ ಮಗುವಿಗೆ ತೇಯಲು ಬಜೆಯ ತುಂಡನ್ನೂ ಸೇರಿಸುತ್ತಾರೆ. ಅದನ್ನು ಎತ್ತಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇವೆ. ಬಜೆಯಲ್ಲಿರುವ ಅಸರೋನ್ ಎಂಬ ಅಂಶ ಎಳೆಮಗುವಿಗೆ ಹೆಚ್ಚಾದರೆ ವಾಂತಿ, ಮಂಪರು ತರಬಲ್ಲದು. ತೇಯುವ ಕಲ್ಲಿನಿಂದ ಎಷ್ಟು ಹೋಯಿತೆಂದು ಅಳೆಯುವ ಬಗೆಯೂ ಇಲ್ಲ. ಆರು ತಿಂಗಳ ತನಕ ತಾಯಿ ಹಾಲು ಬಿಟ್ಟು ಬೇರೇನೂ ಬೇಡ, ವರ್ಷ ತುಂಬುವ ತನಕ ಜೇನು ನೆಕ್ಕಿಸುವುದೂ ಬೇಡ. ಅಜ್ಜಿಯಂದಿರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಆ ಪ್ರೀತಿ ಎಣ್ಣೆನೀರಿನಲ್ಲಿ, ಬಾಣಂತಿಯ ಊಟದಲ್ಲಿ ಬೇಕಾದಷ್ಟು ಸಲ್ಲುತ್ತದೆ.

ಗಲ್ಲಾದಲ್ಲಿ ಕೂತವರು ಕೊಡುವ ಸಲಹೆಯನ್ನು ಸಾಮಾನಿನ ಗುರುತಿಗಷ್ಟೇ ಕೇಳಿ, ಕಾಯಿಲೆಗೆ ಕೇಳಬೇಡಿ. ಕೆಮ್ಮಿಗೆಂದು ಅತಿಮಧುರ ಕೊಡುತ್ತಾರೆ, ರಕ್ತದೊತ್ತಡ ಇದೆಯೇ ಎಂದು ಕೇಳುವುದಿಲ್ಲ. ವಾರಗಟ್ಟಲೆ ತಿಂದರೆ ಅದು ಪೊಟ್ಯಾಸಿಯಂ ಇಳಿಸಿ ಒತ್ತಡ ಏರಿಸುತ್ತದೆ. ಮಲಬದ್ಧತೆಗೆ ಸೋನಾಮುಖಿ ಕೊಡುತ್ತಾರೆ, ದಿನಾ ತೆಗೆದುಕೊಂಡರೆ ಅದಿಲ್ಲದೆ ಕರುಳು ಓಡದ ಸ್ಥಿತಿಗೆ ಬರಬಹುದು. ಗುಲಗಂಜಿ, ಕಾಸರಕದ ಬೀಜ, ವತ್ಸನಾಭಿ, ಭಲ್ಲಾತಕ ಎನ್ನುವ ಕರಿಗೇರು ಬೀಜ ಇವೆಲ್ಲ ವಿಷದ್ರವ್ಯಗಳ ಸರ್ಕಾರಿ ಪಟ್ಟಿಯಲ್ಲಿವೆ. ಶೋಧನೆ, ಅಂದರೆ ವಿಷ ತಗ್ಗಿಸುವ ಸಂಸ್ಕಾರ, ಮಾಡದೆ ಒಳಕ್ಕೆ ಕೊಡುವಂತಿಲ್ಲ, ಶೋಧನೆ ಮನೆಯಲ್ಲಿ ಮಾಡುವ ಕೆಲಸವೂ ಅಲ್ಲ. ಕರಿಗೇರಿನ ರಸ ಬರೀ ಚರ್ಮಕ್ಕೆ ತಾಗಿದರೂ ಬೊಬ್ಬೆ ಏಳುತ್ತದೆ. ಲೋಹ, ಖನಿಜಗಳನ್ನು ಸುಟ್ಟು ಮಾಡಿದ, ಬಿಡಿಯಾಗಿ ಸಿಗುವ ಭಸ್ಮಗಳನ್ನೂ ಮುಟ್ಟಬೇಡಿ.

ತಂದ ಮೇಲಿನ ಮಾತು. ಹಾಸನದ ಬಯಲಿನಲ್ಲಿ ಇಡಿ ಸಾಮಾನು ಮುಚ್ಚಿದ ಸ್ಟೀಲ್ ಡಬ್ಬದಲ್ಲಿ ವರ್ಷ ಬಾಳುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಳೆಯಲ್ಲಿ ಹಾಗಲ್ಲ. ಅಲ್ಲಿಯವರು ಮೇ ತಿಂಗಳಲ್ಲೇ ಸಾಮಾನನ್ನು ಒಂದು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಡಬ್ಬ ಮುಚ್ಚಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಪುಡಿಯನ್ನು ಹದಿನೈದು ದಿನಕ್ಕಾಗುವಷ್ಟೇ ಮಾಡಿಕೊಂಡು, ಡಬ್ಬದ ಮೇಲೆ ದಿನಾಂಕ ಬರೆದು, ಒಣ ಚಮಚವನ್ನೇ ಹಾಕಿ. ಗಂಟು ಕಟ್ಟಿದ ಪುಡಿಯನ್ನು ಒಡೆದು ಬಳಸಬೇಡಿ, ಗಿಡದ ಬುಡಕ್ಕೆ ಸುರಿಯಿರಿ.