ಡೆಂಗ್ಯೂ ಕಾಂಬೊ ಕಾರ್ಡ್: ಅರ್ಧ ನಂಬಬಹುದು

ರಾಯಚೂರು, ಮಾನ್ವಿ, ಸಿಂಧನೂರು ಕಡೆ ಮಳೆ ಹಿಡಿದರೆ ಸಾಕು, ಸಣ್ಣ ಲ್ಯಾಬ್‌ಗಳಲ್ಲೂ ಡೆಂಗ್ಯೂ ಪತ್ತೆಯ ಈ ಕಾರ್ಡಿಗೆ ಬೇಡಿಕೆ. ಒಂದೇ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಎರಡು ಪಟ್ಟಿ. ಒಂದು, ವೈರಸ್ಸಿನದೇ ಎನ್‌ಎಸ್‌1 ಪ್ರೋಟೀನನ್ನು ಹಿಡಿಯುತ್ತದೆ. ಇನ್ನೊಂದು, ನಮ್ಮ ದೇಹ ತಯಾರಿಸಿದ ಐಜಿಎಂ, ಐಜಿಜಿ ಪ್ರತಿಕಾಯಗಳನ್ನು ತೋರಿಸುತ್ತದೆ. ಡಬ್ಬಿಯ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಳಗಿನ ಹೂರಣ ಹೆಚ್ಚುಕಡಿಮೆ ಒಂದೇ. 2024ರಲ್ಲಿ ರಾಜ್ಯ ಸರ್ಕಾರ ಕಾರ್ಡ್ ಪರೀಕ್ಷೆಗೆ 250 ರೂಪಾಯಿ, ಎನ್‌ಎಸ್‌1 ಎಲೈಸಾಗೆ (ಲ್ಯಾಬಿನಲ್ಲಿ ಯಂತ್ರದಿಂದ ಅಳೆಯುವ ಪರೀಕ್ಷೆ) 300, ಐಜಿಎಂ ಎಲೈಸಾಗೆ 300 ಎಂದು ದರ ನಿಗದಿ ಮಾಡಿತು.

ಎನ್‌ಎಸ್‌1 ಪಟ್ಟಿಗೆ ಹತ್ತಕ್ಕೆ ಏಳು ಅಂಕ ಕೊಡಬಹುದು. ಜ್ವರ ಬಂದು ಐದು ದಿನದೊಳಗೆ ರಕ್ತ ತೆಗೆದಿದ್ದು, ಗೆರೆ ಸ್ಪಷ್ಟವಾಗಿ ಬಂದರೆ ಡೆಂಗ್ಯೂ ಎಂದೇ ಹಿಡಿಯಬಹುದು. ಗೆರೆ ಬರಲಿಲ್ಲ ಅಂದರೆ ಮಾತ್ರ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಎರಡನೇ ಸಲ ಡೆಂಗ್ಯೂ ಬಂದವರಲ್ಲಿ ಹಳೆಯ ಪ್ರತಿಕಾಯಗಳು ಎನ್‌ಎಸ್‌1ಅನ್ನು ಮೊದಲೇ ಮುತ್ತಿಕೊಂಡಿರುತ್ತವೆ, ಕಾರ್ಡಿಗೆ ಹಿಡಿಯಲು ಜಾಗವೇ ಉಳಿದಿರುವುದಿಲ್ಲ.

ಇನ್ನೊಂದು ತೊಡಕು ವೈರಸ್ಸಿನ ಗುಣದಲ್ಲೇ ಇದೆ. ಅದರ ವಂಶವಾಹಿ ಬರಹ, ಅಂದರೆ ಆರ್‌ಎನ್‌ಎ, ಸುಮಾರು 10,700 ಅಕ್ಷರದ್ದು. ಅದನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಅಭ್ಯಾಸವಿಲ್ಲ, ಹೀಗಾಗಿ ಪ್ರತಿ ನಕಲಿನಲ್ಲೂ ಅಕ್ಷರ ತಪ್ಪುವ ಸಂಭವ ಇದ್ದೇ ಇದೆ. ಈಗ ನಾಲ್ಕು ಸೀರೋಟೈಪ್‌ಗಳು (ಪ್ರತಿಕಾಯಗಳು ಬೇರೆಬೇರೆಯಾಗಿ ಗುರುತಿಸುವ ಬಗೆಗಳು), ಒಂದೊಂದರೊಳಗೂ ಹಲವು ಕವಲುಗಳು. ಎನ್‌ಎಸ್‌1ಅನ್ನು ಹಿಡಿಯಲು ಕಾರ್ಡಿನ ಮೇಲೆ ಅಂಟಿಸಿದ ಪ್ರತಿಕಾಯವಾದರೋ ಫ್ಯಾಕ್ಟರಿಯಲ್ಲಿ ಒಮ್ಮೆ ಆರಿಸಿದ್ದು, ಅಷ್ಟೇ. ನಾಲ್ಕನೇ ಟೈಪ್ ಬಂದಾಗ ಕೆಲವು ಕಾರ್ಡ್‌ಗಳು ಎಡವುತ್ತವೆ ಎಂಬುದು ಪರೀಕ್ಷೆಗಳಲ್ಲಿ ಕಂಡ ಮಾತು. ದಕ್ಷಿಣ ಭಾರತದಲ್ಲಿ ಇದೇ ನಾಲ್ಕನೆಯದು ಬೇರೂರುತ್ತಿದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ತಂಡ 2023ರಲ್ಲಿ ತೋರಿಸಿತು. ಯಾವ ಟೈಪ್ ಎಂದು ಕಾರ್ಡು ಹೇಳುವುದಿಲ್ಲ, ಅದಕ್ಕೆ ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆಯೇ ಬೇಕು.

ಐಜಿಎಂ, ಐಜಿಜಿ ಪಟ್ಟಿಗೆ ನಾಲ್ಕಂಕ, ಅದೂ ಕೈ ಬಿಚ್ಚಿ ಕೊಟ್ಟರೆ. ಐಜಿಎಂ ಕಾಣಿಸುವುದೇ ಐದನೇ ದಿನದ ಆಸುಪಾಸು, ಆಮೇಲೆ ಎರಡು ಮೂರು ತಿಂಗಳು ಹೋಗುವುದಿಲ್ಲ. ಆಗಸ್ಟಿನ ಡೆಂಗ್ಯೂವಿನ ಗೆರೆ ಅಕ್ಟೋಬರಿನ ಟೈಫಾಯ್ಡ್ ಜ್ವರದಲ್ಲೂ ಮೂಡೀತು. ಝೀಕಾ ಸೋಂಕಿಗೂ ಈ ಪಟ್ಟಿ ಮೋಸ ಹೋಗಬಲ್ಲದು, ಎರಡೂ ಒಂದೇ ಕುಲದ ವೈರಸ್. ರಾಜ್ಯದ ಮೊದಲ ಝೀಕಾ ಪ್ರಕರಣ 2022ರ ಡಿಸೆಂಬರಿನಲ್ಲಿ ಪತ್ತೆಯಾದದ್ದು ನಮ್ಮ ರಾಯಚೂರು ಜಿಲ್ಲೆಯಲ್ಲೇ; ಖಚಿತಪಡಿಸಿದ್ದು ಪುಣೆಯ ವೈರಾಣು ಸಂಸ್ಥೆ. ಚಿಕೂನ್‌ಗುನ್ಯಾ ಬೇರೆ ಕುಲದ್ದು, ಅದಕ್ಕೆ ಬೇರೆ ಕಾರ್ಡು.

ಬಳಸುವಾಗ ಕೆಡುವುದೇ ಹೆಚ್ಚು. ಫ್ರಿಜ್ಜಿನಿಂದ ತೆಗೆದ ಪೌಚನ್ನು ಅರ್ಧ ಗಂಟೆ ಹೊರಗಿಟ್ಟ ಮೇಲೆಯೇ ಬಿಚ್ಚಬೇಕು, ಇಲ್ಲದಿದ್ದರೆ ಪಟ್ಟಿಯ ಮೇಲೆ ಪಸೆ ಕೂರುತ್ತದೆ. ಸಾಮಾನ್ಯವಾಗಿ ಎನ್‌ಎಸ್‌1 ಪಟ್ಟಿಯ ಕುಳಿಯೊಳಕ್ಕೆ ಮೂರು ಹನಿ ಸೀರಂ (ರಕ್ತದ ತಿಳಿ ಭಾಗ), ಅಂದರೆ ಸುಮಾರು 100 ಮೈಕ್ರೋಲೀಟರ್. ಪ್ರತಿಕಾಯದ ಕುಳಿಯೊಳಕ್ಕೆ ಬರೀ 10 ಮೈಕ್ರೋಲೀಟರ್, ಮೇಲೆ ಮೂರ್ನಾಲ್ಕು ಹನಿ ಬಫರ್ (ಡಬ್ಬಿಯೊಂದಿಗೆ ಬರುವ ದ್ರಾವಣ). ಗಡಿಬಿಡಿಯಲ್ಲಿ ಬಫರನ್ನು ಎನ್‌ಎಸ್‌1 ಕುಳಿಯೊಳಕ್ಕೂ ಹಾಕುವವರುಂಟು. ಸೀರಂ ತೆಳುವಾಗಿ, ಬರಬೇಕಾದ ಗೆರೆಯೂ ಮಾಸುತ್ತದೆ. 15ರಿಂದ 20 ನಿಮಿಷದೊಳಗೆ ಓದಬೇಕು. ಊಟ ಮುಗಿಸಿ ಬಂದು ನೋಡಿದಾಗ ಕಾಣುವ ಮಸುಕು ಗೆರೆಗೆ ಬೆಲೆಯಿಲ್ಲ.

ಡಬ್ಬಿಯ ಮೇಲೆ 30 ಡಿಗ್ರಿ ಮೀರಬಾರದು ಎಂದಿರುತ್ತದೆ. ನಮ್ಮಲ್ಲಿ ಮೇ ತಿಂಗಳಿನ ಬಿಸಿಲು 40 ದಾಟುತ್ತದೆ, ಪಾರ್ಸಲ್ ಬರುವುದೋ ಬಸ್ಸಿನ ಡಿಕ್ಕಿಯಲ್ಲಿ. ಕಾರ್ಡಿನ ಸಿ (ಕಂಟ್ರೋಲ್) ಗೆರೆ ಬಂತಲ್ಲ, ಕಾರ್ಡು ಸರಿಯಿದೆ ಎನ್ನುವಂತಿಲ್ಲ: ದ್ರವ ಹರಿಯಿತು, ಬಣ್ಣ ಕೆಲಸ ಮಾಡಿತು ಎಂದಷ್ಟೇ ಅದು ಹೇಳುವುದು. ಸೋಂಕು ತೋರಿಸುವ ಟಿ (ಟೆಸ್ಟ್) ಗೆರೆಯ ಪ್ರತಿಕಾಯ ಬಿಸಿಲಿಗೆ ಸತ್ತಿದ್ದರೂ ಸಿ ಗೆರೆ ಬರಬಹುದು. ಹೊಸ ಡಬ್ಬಿ ಬಂದಾಗಲೆಲ್ಲ, ಎಲೈಸಾದಲ್ಲಿ ಪಾಸಿಟಿವ್ ಬಂದ ಹಳೆಯ ಸೀರಂ ಒಂದಿಷ್ಟು ಫ್ರೀಜರಿನಲ್ಲಿದ್ದರೆ, ಟಿ ಗೆರೆ ಬರುತ್ತದೋ ನೋಡಲು ಮೊದಲ ಕಾರ್ಡನ್ನು ಅದಕ್ಕೇ ಖರ್ಚು ಮಾಡಿ.