ರೌಲ್ ಅಥವಾ ಟೊರೆಸ್: ಯಾರ ಆಟ ಮೊದಲು ನೋಡಬೇಕು?

ಸ್ಪೇನ್‌ನ ಫುಟ್‌ಬಾಲ್ ಸ್ಟ್ರೈಕರ್‌ಗಳ (ಗೋಲು ಹೊಡೆಯುವ ಮುಂಚೂಣಿ ಆಟಗಾರರ) ಹಳೆಯ ಪಂದ್ಯ ನೋಡಿ ಆಟ ಕಲಿಯಬೇಕು ಅಂತಿದ್ದೀರಾ? ಹಾಗಾದರೆ ಮೊದಲು ರೌಲ್ ನೋಡಿ ಅಂತೀನಿ.

ಟೊರೆಸ್ ಕಣ್ಣಿಗೆ ಹಬ್ಬ, ನಿಜ. ಯುರೋಪಿನ ದೇಶಗಳ ಟೂರ್ನಿಯಾದ ಯುರೋದ 2008ರ ಫೈನಲ್‌ನ ಒಂದೇ ಗೋಲು ನೋಡಿ. ಸಹ ಆಟಗಾರ ಚಾವಿ ಕೊಟ್ಟ ಪಾಸ್‌ಗೆ ಓಡಿ, ಜರ್ಮನಿಯ ಡಿಫೆಂಡರ್ ಲಾಮ್‌ನನ್ನು ಹಿಂದಿಕ್ಕಿ, ಮುನ್ನುಗ್ಗಿದ ಗೋಲ್‌ಕೀಪರ್ ಲೇಮನ್ ಮೇಲಿಂದ ಚೆಂಡನ್ನು ಮೆಲ್ಲಗೆ ಎತ್ತಿಬಿಟ್ಟರು. ಆದರೆ ಆ ಓಟದ ವೇಗ ಎಲ್ಲರಿಗೂ ಹುಟ್ಟಿನಿಂದ ಬರಲ್ಲ, ಅಲ್ವಾ?

ರೌಲ್‌ಗೆ ಅಂಥ ವೇಗವೂ ಇರಲಿಲ್ಲ, ಎತ್ತರವೂ ಇರಲಿಲ್ಲ. ಇದ್ದದ್ದು ಎಲ್ಲಿ ನಿಲ್ಲಬೇಕೆಂಬ ಅರಿವು. ಅದರಿಂದಲೇ ತಮ್ಮ ಕ್ಲಬ್ ರಿಯಲ್ ಮ್ಯಾಡ್ರಿಡ್‌ಗೆ 741 ಪಂದ್ಯಗಳಲ್ಲಿ 323 ಗೋಲು ಹೊಡೆದರು. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಮೂರು ಸಲ ಗೆದ್ದರು. ಇದು ಅಭ್ಯಾಸದಿಂದ ಕಲಿಯಬಹುದಾದ ವಿದ್ಯೆ.

ದೇಶದ ಪರವಾಗಿ ಗೆದ್ದ ಕಪ್ ಲೆಕ್ಕ ಹಾಕಿದರೆ ಮಾತ್ರ ಟೊರೆಸ್ ಮುಂದೆ: ಎರಡು ಯುರೋ, 2010ರ ವಿಶ್ವಕಪ್. ರೌಲ್‌ಗೆ ಒಂದೂ ಸಿಗಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಕೋಚ್ ಆಗಿ ಇಬ್ಬರೂ ಹುಡುಗರ ತಂಡಗಳಿಂದಲೇ ಶುರು ಮಾಡಿದರು. ರೌಲ್ 2020ರಲ್ಲಿ ರಿಯಲ್‌ನ ಕಿರಿಯರಿಗೆ ಯುಇಎಫ್‌ಎ ಯೂತ್ ಲೀಗ್ (ಯುರೋಪಿನ ಕ್ಲಬ್‌ಗಳ ಕಿರಿಯರ ಟೂರ್ನಿ) ಗೆದ್ದುಕೊಟ್ಟರು. ಟೊರೆಸ್ 2021ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ನ ಕಿರಿಯರನ್ನು ವಹಿಸಿಕೊಂಡರು. ರೌಲ್ ಕೂಡ ಬಾಲ್ಯದಲ್ಲಿ ಅದೇ ಅಟ್ಲೆಟಿಕೊದಲ್ಲಿ ಆಡಿದವರೇ!