ನಾಸಾದ ಬೆಂಕಿ ನಕ್ಷೆ ‘ಫರ್ಮ್ಸ್’: ಚುಕ್ಕೆಗಳನ್ನು ಎಣಿಸಬೇಡಿ, ಓದಿ

ನಾನು ಭೂಗೋಳ ಕಲಿಸುವವಳು. ಬಿಸಿಲು ಸುಡುವ ಒಣನಾಡುಗಳಲ್ಲಿ ಕಾಳ್ಗಿಚ್ಚು ಎಷ್ಟು ಸಲ ಬರುತ್ತದೆ, ಏಕೆ ಬರುತ್ತದೆ ಎಂಬ ಪಾಠಕ್ಕೆ ಪಠ್ಯಪುಸ್ತಕದ ಎರಡು ಪ್ಯಾರಾ ಯಾವತ್ತೂ ಸಾಲುವುದಿಲ್ಲ. ಆ ಕೊರತೆಯನ್ನು ನೀಗಿಸಿದ್ದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ನಡೆಸುವ ‘ಫರ್ಮ್ಸ್’ ಎಂಬ ಬೆಂಕಿ ನಕ್ಷೆ. ಇದು ಉಚಿತ. ನಕ್ಷೆ ನೋಡಲು ಖಾತೆ ತೆರೆಯಬೇಕಾಗಿಯೂ ಇಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಇಂದು ಬೆಂಕಿ ಕಾಣಿಸಿಕೊಂಡಿದೆ ಎಂಬುದನ್ನು ಕೆಂಪು ಚುಕ್ಕೆಗಳಲ್ಲಿ ತೋರಿಸುತ್ತದೆ. ಭೂಗೋಳದ ಪ್ರತಿಯೊಬ್ಬ ಶಿಕ್ಷಕರೂ ಇದನ್ನು ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಒಂದು ಎಚ್ಚರಿಕೆ ಬೇಕು: ಚುಕ್ಕೆ ಎಣಿಸಿ ‘ಇಷ್ಟು ಕಾಳ್ಗಿಚ್ಚು’ ಎಂದು ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ.

ಮೊದಲು ಇದರ ಕೆಲಸದ ರೀತಿಯನ್ನು ನೋಡೋಣ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ವ್ಯವಸ್ಥೆ 2012ರಲ್ಲಿ ನಾಸಾದ ಸುಪರ್ದಿಗೆ ಬಂತು. ಟೆರಾ ಮತ್ತು ಆಕ್ವಾ ಉಪಗ್ರಹಗಳಲ್ಲಿರುವ ‘ಮೋಡಿಸ್’ ಉಪಕರಣ, ಅನಂತರ ಬಂದ ಸುಓಮಿ ಎನ್‌ಪಿಪಿ ಮತ್ತು ನೋವಾ ಸರಣಿಯ ಉಪಗ್ರಹಗಳಲ್ಲಿರುವ ‘ವಿಯರ್ಸ್’ ಉಪಕರಣ, ಇವೆರಡೂ ನೆಲದಿಂದ ಹೊಮ್ಮುವ ಅವಕೆಂಪು ಕಿರಣಗಳನ್ನು ಅಳೆಯುತ್ತವೆ. ಸುಮಾರು ನಾಲ್ಕು ಮೈಕ್ರೋಮೀಟರ್ ತರಂಗಾಂತರದಲ್ಲಿ ಬೆಂಕಿ ಸುತ್ತಲಿನ ನೆಲಕ್ಕಿಂತ ಎದ್ದು ಕಾಣುತ್ತದೆ. ಹಾಗಾಗಿ ಉಪಗ್ರಹ ಚಿತ್ರದ ಒಂದು ಚದರದಲ್ಲಿ ಸ್ವಲ್ಪ ಭಾಗ ಮಾತ್ರ ಉರಿಯುತ್ತಿದ್ದರೂ ಉಪಕರಣ ಅದನ್ನು ಗುರುತಿಸುತ್ತದೆ. ಉಪಗ್ರಹ ಹಾದುಹೋದ ಮೂರು ಗಂಟೆಗಳೊಳಗೆ ಚುಕ್ಕೆ ನಕ್ಷೆಗೆ ಬರುತ್ತದೆ. ಮೋಡಿಸ್‌ನ ದಾಖಲೆ 2000ದ ನವೆಂಬರ್‌ನಿಂದ ಇದೆ. ಇಪ್ಪತ್ತು ವರ್ಷಗಳಿಗೂ ಮೀರಿದ ಈ ಸಂಗ್ರಹವೇ ನನ್ನ ಪಾಲಿಗೆ ಫರ್ಮ್ಸ್‌ನ ನಿಜವಾದ ಸಂಪತ್ತು.

ಚುಕ್ಕೆ ಎಂದರೆ ಒಂದು ಕಾಳ್ಗಿಚ್ಚಲ್ಲ. ಮೋಡಿಸ್‌ನಲ್ಲಿ ಅದು ಸುಮಾರು ಒಂದು ಕಿಲೋಮೀಟರ್ ಅಗಲದ ಚದರದ ನಡುಬಿಂದು. ವಿಯರ್ಸ್‌ನಲ್ಲಿ ಆ ಚದರ 375 ಮೀಟರ್. ದೊಡ್ಡದೊಂದು ಬೆಂಕಿಗೆ ನೂರಾರು ಚುಕ್ಕೆಗಳು ಬೀಳಬಹುದು. ಉಪಗ್ರಹದ ಎರಡು ಹಾಯುವಿಕೆಗಳ ನಡುವೆ ಹೊತ್ತಿ ಆರಿದ ಹುಲ್ಲುಬೆಂಕಿಗೆ ಒಂದೂ ಬೀಳದೆ ಹೋಗಬಹುದು. ಮೋಡ ಕವಿದರೂ ಅಷ್ಟೇ. ತಪ್ಪು ಓದಿಗೆ ಎಡೆಮಾಡಿಕೊಡುವ ಇನ್ನೊಂದು ಸಂಗತಿ ಮರುಭೂಮಿಯಲ್ಲಿದೆ. ಸಹರಾದಲ್ಲಿ, ಪರ್ಷಿಯನ್ ಕೊಲ್ಲಿಯ ಸುತ್ತ ವರ್ಷವಿಡೀ ಅದೇ ಜಾಗದಲ್ಲಿ ಬೆಳಗುವ ಚುಕ್ಕೆಗಳು ಕಾಣುತ್ತವೆ. ಅವು ತೈಲಬಾವಿಗಳಲ್ಲಿ ಉರಿಸಿಬಿಡುವ ಅನಿಲದ ಜ್ವಾಲೆಗಳು. ಜಾಗ ಬದಲಿಸದ ಚುಕ್ಕೆ ಕಂಡರೆ ಮೊದಲು ಜ್ವಾಲೆಯನ್ನೋ ಜ್ವಾಲಾಮುಖಿಯನ್ನೋ ಶಂಕಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಆ ಜ್ವಾಲೆಗಳನ್ನು ಬದಿಗಿಟ್ಟು ನೋಡಿದಾಗ ನಕ್ಷೆ ತನ್ನ ಅತ್ಯುತ್ತಮ ಪಾಠವನ್ನು ಕಲಿಸುತ್ತದೆ. ಭೂಮಿಯ ಅತ್ಯಂತ ಬಿಸಿಯಾದ, ಅತ್ಯಂತ ಒಣ ಪ್ರದೇಶಗಳು ಬಹುಪಾಲು ಖಾಲಿ! ಸಹರಾದ ಒಡಲಿನಲ್ಲಿ, ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಉರಿಯುವುದಕ್ಕೆ ಏನೂ ಇಲ್ಲ. ಮಳೆಕಾಡುಗಳಲ್ಲಿ ಉರಿಯುವುದಕ್ಕೆ ಬೇಕಾದಷ್ಟು ಇದ್ದರೂ ಸಹಜ ಸ್ಥಿತಿಯಲ್ಲಿ ಅದು ಒಣಗುವುದಿಲ್ಲ. ಬೆಂಕಿ ದಟ್ಟವಾಗಿರುವುದು ಇವೆರಡರ ನಡುವಿನ ನಾಡಿನಲ್ಲಿ: ಮಳೆಗಾಲದಲ್ಲಿ ಹುಲ್ಲು ಆಳೆತ್ತರ ಬೆಳೆದು, ಬೇಸಿಗೆಯಲ್ಲಿ ಗರಿಗರಿಯಾಗಿ ಒಣಗುವ ಸವನ್ನಾಗಳಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ ಸುಡುವ ನೆಲದಲ್ಲಿ ಹೆಚ್ಚುಕಡಿಮೆ ಶೇಕಡಾ 70ರಷ್ಟು ಆಫ್ರಿಕಾ ಒಂದರಲ್ಲೇ ಇದೆ. ದಿನಾಂಕವನ್ನು ಜನವರಿಗೆ ಇಡಿ, ದಕ್ಷಿಣ ಸುಡಾನ್ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯದ ಮೇಲೆ ಕೆಂಪು ಪಟ್ಟಿ ಕಾಣುತ್ತದೆ. ಆಗಸ್ಟ್‌ಗೆ ಸರಿಸಿ, ಅದೇ ಪಟ್ಟಿ ಸಮಭಾಜಕದ ಕೆಳಗಿಳಿದು ಅಂಗೋಲಾ, ಜಾಂಬಿಯಾಗಳನ್ನು ಆವರಿಸಿರುತ್ತದೆ. ಒಣಗಾಲ ಎಲ್ಲಿದೆಯೋ ಬೆಂಕಿ ಅಲ್ಲಿ.

‘ಎಷ್ಟು ಸಲ’ ಎಂಬ ಪ್ರಶ್ನೆಗೆ ಉತ್ತರ ಸಿಗುವುದೂ ಹೀಗೆ, ಒಂದು ಜಾಗವನ್ನು ಹಿಡಿದು ವರ್ಷ ವರ್ಷ ನೋಡಿದಾಗ. ಉತ್ತರ ಆಸ್ಟ್ರೇಲಿಯಾದ ಸವನ್ನಾದಲ್ಲಿ ಒಂದೇ ನೆಲ ಎರಡು ಮೂರು ವರ್ಷಗಳಿಗೊಮ್ಮೆ ಸುಡುತ್ತದೆ. ಕ್ಯಾಲಿಫೋರ್ನಿಯಾದ ‘ಚಾಪರಲ್’ ಎಂಬ ಕುರುಚಲು ಕಾಡಿನಲ್ಲಿ ಸಹಜ ಅಂತರ ಮೂವತ್ತು ವರ್ಷಗಳಿಂದ ನೂರಕ್ಕೂ ಮೇಲಕ್ಕೆ ಹೋಗುತ್ತದೆ. ಎರಡೂ ಬಿಸಿ, ಎರಡೂ ಒಣ. ಆದರೆ ಹುಲ್ಲು ಒಂದೇ ಮಳೆಗಾಲದಲ್ಲಿ ಮತ್ತೆ ಇಂಧನವಾಗಿ ನಿಲ್ಲುತ್ತದೆ, ಪೊದೆಗೆ ದಶಕಗಳು ಬೇಕು. ಈ ಲಯ ಕೆಡುವುದೂ ಉಂಟು. ಪಶ್ಚಿಮ ಅಮೆರಿಕದ ಗ್ರೇಟ್ ಬೇಸಿನ್ ಎಂಬ ಒಣನಾಡಿನಲ್ಲಿ ಹೊರಗಿನಿಂದ ಬಂದ ‘ಚೀಟ್‌ಗ್ರಾಸ್’ ಎಂಬ ಹುಲ್ಲು ಪೊದೆಗಳ ನಡುವಿನ ಬರಿ ನೆಲವನ್ನೆಲ್ಲ ತುಂಬಿದ್ದರಿಂದ, ಹಿಂದೆ ಅನೇಕ ದಶಕಗಳಿಗೊಮ್ಮೆ ಬರುತ್ತಿದ್ದ ಬೆಂಕಿ ಕೆಲವೆಡೆ ಕೆಲವೇ ವರ್ಷಗಳಿಗೊಮ್ಮೆ ಬರತೊಡಗಿದೆ. ಪೊದೆಗಳಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಈ ಸಂಗತಿ ನನ್ನನ್ನು ನಿಜಕ್ಕೂ ಕಂಗೆಡಿಸುತ್ತದೆ.

ಬರಗಾಲವೇ ಬೆಂಕಿಗೆ ಮೂಲ ಎಂದು ನಂಬಿದವರಿಗೆ ಮಧ್ಯ ಆಸ್ಟ್ರೇಲಿಯಾವನ್ನು ತೋರಿಸಬೇಕು. ಅಲ್ಲಿ ದೊಡ್ಡ ಬೆಂಕಿ ಬರುವುದು ಒಳ್ಳೆಯ ಮಳೆಯ ನಂತರ. 1974-75ರಲ್ಲಿ ಆ ಖಂಡದ ಸುಮಾರು ಶೇಕಡಾ 15ರಷ್ಟು ನೆಲ, ಅಂದರೆ ಹತ್ತಿರ ಹತ್ತಿರ 11.7 ಕೋಟಿ ಹೆಕ್ಟೇರ್, ಸುಟ್ಟಿತು. ಅದರ ಹಿಂದಿನ ಅವಧಿಯಲ್ಲಿ ಧಾರಾಳವಾಗಿ ಮಳೆ ಬಿದ್ದು ಮರುಭೂಮಿಯಲ್ಲೂ ಹುಲ್ಲು ಎದ್ದಿತ್ತು. ಫರ್ಮ್ಸ್‌ನಲ್ಲಿ ಅಷ್ಟು ಹಿಂದಿನದು ಸಿಗುವುದಿಲ್ಲ. ಆದರೆ 2010-11ರ ಭಾರಿ ಮಳೆಯ ಬಳಿಕ 2011ರಲ್ಲಿ ಅದೇ ನಾಡು ಉರಿದದ್ದು ಸಂಗ್ರಹದಲ್ಲಿ ಸ್ಪಷ್ಟವಾಗಿದೆ. 2025ರ ಜನವರಿಯ ಲಾಸ್ ಏಂಜಲೀಸ್ ಬೆಂಕಿಯೂ ಇದೇ ಕಥೆ. ಎರಡು ಮಳೆಗಾಲ ಚೆನ್ನಾಗಿ ಬಂದು ಹುಲ್ಲು ಪೊದೆ ಸೊಂಪಾಗಿ ಬೆಳೆದವು, ಅನಂತರ ತಿಂಗಳುಗಟ್ಟಲೆ ಮಳೆಯೇ ಇಲ್ಲ, ಕೊನೆಗೆ ಒಳನಾಡಿನಿಂದ ಬೀಸಿದ ಸಾಂಟಾ ಆನಾ ಗಾಳಿ. ಹದಿನಾರು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಹೋದವು. ಬೆಳೆಸುವ ಮಳೆ, ಒಣಗಿಸುವ ಬಿಸಿಲು, ಓಡಿಸುವ ಗಾಳಿ: ಈ ಕ್ರಮವನ್ನು ಬಿಟ್ಟು ಬರೀ ಉಷ್ಣಾಂಶದ ಪಟ್ಟಿ ಹಿಡಿದು ಪಾಠ ಮಾಡಿದರೆ ಮಕ್ಕಳಿಗೆ ಏನೂ ಅರ್ಥವಾಗುವುದಿಲ್ಲ.

ಹಾಗೆಂದು ಬಿಸಿಗೆ ಪಾತ್ರವಿಲ್ಲ ಎಂದಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಆ ದಾಹವನ್ನು ಅದು ಎಲೆ, ಕಡ್ಡಿ, ಹುಲ್ಲಿನಿಂದ ತೀರಿಸಿಕೊಳ್ಳುತ್ತದೆ. ತೆಳ್ಳನೆಯ ಹುಲ್ಲು ಗಂಟೆಗಳಲ್ಲಿ ಒಣಗುತ್ತದೆ, ದಪ್ಪ ದಿಮ್ಮಿಗೆ ವಾರಗಳು, ತಿಂಗಳುಗಳು ಬೇಕು.

ನಕ್ಷೆ ಹೇಳದೆ ಬಿಡುವ ದೊಡ್ಡ ವಿಷಯ ಕಿಡಿ. ಎಲ್ಲಿ ಉರಿಯುತ್ತಿದೆ ಎಂದು ಗೊತ್ತಾಗುತ್ತದೆ, ಹಚ್ಚಿದ್ದು ಯಾರು ಎಂದು ಗೊತ್ತಾಗುವುದಿಲ್ಲ. ಆಫ್ರಿಕಾದ ಆ ಕೆಂಪು ಪಟ್ಟಿಯಲ್ಲಿ ಬಹುಪಾಲು ರೈತರು, ದನಗಾಹಿಗಳು ಹೊಲಕ್ಕಾಗಿ, ಹೊಸ ಚಿಗುರಿಗಾಗಿ ಹಚ್ಚಿದ ಬೆಂಕಿ. ಅದನ್ನೆಲ್ಲ ದುರಂತವೆಂದು ತೋರಿಸುವುದು ಆ ಜನರಿಗೆ ಮಾಡುವ ಅನ್ಯಾಯ. ಅಮೆರಿಕದಲ್ಲಿ 1992ರಿಂದ 2012ರವರೆಗಿನ ಕಾಳ್ಗಿಚ್ಚುಗಳಲ್ಲಿ ಶೇಕಡಾ 84ರಷ್ಟು ಮನುಷ್ಯರಿಂದಲೇ ಹೊತ್ತಿದವು, ಉಳಿದವು ಸಿಡಿಲಿನಿಂದ. ಆದರೂ ಸುಟ್ಟ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಡಿಲಿನ ಪಾಲು, ಏಕೆಂದರೆ ಅದು ಬೀಳುವುದು ಯಾರೂ ಬೇಗ ತಲುಪಲಾಗದ ದುರ್ಗಮ ಜಾಗಗಳಲ್ಲಿ. ಎಷ್ಟು ಸಲ ಎಂಬುದೂ ಎಷ್ಟು ನೆಲ ಎಂಬುದೂ ಬೇರೆ ಬೇರೆ ಪ್ರಶ್ನೆಗಳು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದರ ಜೊತೆಗೆ, ಜಗತ್ತಿನಲ್ಲಿ ವರ್ಷಕ್ಕೆ ಸುಡುವ ಒಟ್ಟು ನೆಲ 1998ರಿಂದ 2015ರ ನಡುವೆ ಸುಮಾರು ಕಾಲು ಭಾಗ ಇಳಿಯಿತು ಎಂಬುದನ್ನೂ ಹೇಳಬೇಕು. ಸವನ್ನಾಗಳನ್ನು ಉತ್ತು ಹೊಲ ಮಾಡಿದ್ದೇ ಮುಖ್ಯ ಕಾರಣ. ಇದನ್ನು ಕೇಳಿ ನೆಮ್ಮದಿಪಡುವಂತಿಲ್ಲ. ಹುಲ್ಲುಗಾವಲು ಕಡಿಮೆ ಸುಟ್ಟರೆ ಒಟ್ಟು ಲೆಕ್ಕ ಇಳಿಯುತ್ತದೆ, ಆದರೆ ಊರಂಚಿನ ಕಾಡು ಹೊತ್ತಿದಾಗ ಸಾಯುವವರ ಸಂಖ್ಯೆ ಆ ಲೆಕ್ಕದಲ್ಲಿ ಕಾಣುವುದಿಲ್ಲ.

ಪ್ರಾಣ ಉಳಿಸಿಕೊಳ್ಳಲು ಈ ನಕ್ಷೆಯನ್ನು ನಂಬಿ ಕೂರಬಾರದು. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ತಂತಿಯಿಂದ ಹೊತ್ತಿದ ‘ಕ್ಯಾಂಪ್ ಫೈರ್’ ಶುರುವಾದದ್ದು ಬೆಳಿಗ್ಗೆ ಆರೂವರೆಯ ಸುಮಾರಿಗೆ. ವಿಯರ್ಸ್ ಉಪಗ್ರಹಗಳು ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ. ಅಷ್ಟರಲ್ಲಿ ಪ್ಯಾರಡೈಸ್ ಊರಿಗೆ ಬೆಂಕಿ ನುಗ್ಗಿಯಾಗಿತ್ತು. ಆ ಬೆಂಕಿಯಲ್ಲಿ 85 ಮಂದಿ ಸತ್ತರು. ಬೆಂಕಿ ಹತ್ತಿರವಿದ್ದರೆ ಅಗ್ನಿಶಾಮಕ ದಳದ ಮಾತನ್ನೇ ಕೇಳಬೇಕು.

ಬಳಸುವವರಿಗೆ ಕೆಲವು ಮಾತು. ಸಮಯವೆಲ್ಲ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯದಲ್ಲಿರುತ್ತದೆ, ನಿಮ್ಮ ಗಡಿಯಾರಕ್ಕೆ ಹೊಂದಿಸಿಕೊಳ್ಳಿ. ದತ್ತಾಂಶ ಇಳಿಸಿಕೊಂಡರೆ ಪ್ರತಿ ಚುಕ್ಕೆಯ ಎದುರು ಬೆಂಕಿಯ ಶಕ್ತಿ ಮೆಗಾವಾಟ್‌ಗಳಲ್ಲಿ ಇರುತ್ತದೆ. ಬರೀ ಸಂಖ್ಯೆಗಿಂತ ಆ ಕಾಲಂ ಹೆಚ್ಚು ಹೇಳುತ್ತದೆ. ವಿಶ್ವಾಸಾರ್ಹತೆ ಕಡಿಮೆ ಎಂದು ಗುರುತಿಸಿದ ಚುಕ್ಕೆಗಳನ್ನು ಬೇರ್ಪಡಿಸಿ. ಒಂದು ಪ್ರದೇಶವನ್ನು ಆಯ್ದುಕೊಂಡು ಇಮೇಲ್ ಎಚ್ಚರಿಕೆಯನ್ನೂ ಪಡೆಯಬಹುದು. ವರ್ಷಗಳನ್ನು ಹೋಲಿಸುವಾಗ ಮೋಡಿಸ್‌ನ ಚುಕ್ಕೆಗಳನ್ನು ವಿಯರ್ಸ್‌ನವುಗಳ ಜೊತೆ ಬೆರೆಸಬೇಡಿ. ವಿಯರ್ಸ್ ಸೂಕ್ಷ್ಮವಾದ್ದರಿಂದ, ಅದು ಬಂದ 2012ರಿಂದ ಬೆಂಕಿಯೇ ದಿಢೀರನೆ ಹೆಚ್ಚಿತೇನೋ ಎಂಬಂತೆ ಕಾಣುತ್ತದೆ. ದೀರ್ಘಕಾಲದ ಹೋಲಿಕೆಗೆ ಮೋಡಿಸ್ ಒಂದನ್ನೇ ಹಿಡಿಯಿರಿ, ಈ ವಾರದ ಬೆಂಕಿಗೆ ವಿಯರ್ಸ್ ನೋಡಿ.